ಟೆನ್ಶನ್, ಕುಡಿತ, ಎಲೆಯಡಿಕೆ, ಫೋನು: ಕಾಸರಗೋಡಿನ ಮನೆಗಳಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ಕುಂಬಳೆ, ಬದಿಯಡ್ಕ, ಪೆರ್ಲ, ಉಪ್ಪಳ ಕಡೆಯ ಮಾತುಕತೆಗಳಲ್ಲಿ, ಪತ್ರಗಳಲ್ಲಿ, ವಾಟ್ಸಾಪ್‌ನ ಧ್ವನಿ ಸಂದೇಶಗಳಲ್ಲಿ ಮತ್ತೆ ಮತ್ತೆ ಬಂದ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ಕೇಳಿದವರ ಮಾತನ್ನು ಆದಷ್ಟು ಹಾಗೆಯೇ ಇಟ್ಟಿದ್ದೇನೆ. ನಿಮಗೆ ಬೇಕಾದ ಪ್ರಶ್ನೆಗೆ ನೇರವಾಗಿ ಹೋಗಬಹುದು. ಕುಡಿತ ನಿಲ್ಲಿಸಿದವರಿಗೆ ಫಿಟ್ಸ್ ಬಂದರೆ, ಮಾತು ತಪ್ಪಿದರೆ, ಯಾರಾದರೂ ವಿಷ ಕುಡಿದಿದ್ದರೆ ಮಾತ್ರ ಓದುತ್ತಾ ಕೂರಬೇಡಿ. ಮೊದಲು 108ಕ್ಕೆ ಕರೆ ಮಾಡಿ.

## ಮೊದಲ ಪ್ರಶ್ನೆಗಳು

ಟೆನ್ಶನ್ ಯಾರಿಗಿಲ್ಲ? ಅದನ್ನೂ ಒಂದು ಕಾಯಿಲೆ ಅಂತ ಯಾಕೆ ಹೇಳ್ತೀರಿ?

ಎಲ್ಲ ಟೆನ್ಶನ್ ಕಾಯಿಲೆ ಅಲ್ಲ. ತೋಟದಲ್ಲಿ ಕಾಲ ಹತ್ತಿರ ಹಾವು ಸರಿದರೆ ಎದೆ ಹೊಡೆದುಕೊಳ್ಳುತ್ತದೆ, ಉಸಿರು ಜೋರಾಗುತ್ತದೆ. ಅದು ಅಡ್ರಿನಲಿನ್ ಮಾಡುವ ಕೆಲಸ. ಅದರ ಹಿಂದೆಯೇ ಕಾರ್ಟಿಸಾಲ್ ಬರುತ್ತದೆ, ರಕ್ತದಲ್ಲಿ ಸಕ್ಕರೆ ಏರಿಸುತ್ತದೆ. ಓಡಲು ಶಕ್ತಿ ಬೇಕಲ್ಲ! ಹಾವು ಹೋದ ಮೇಲೆ ಸ್ವಲ್ಪ ಹೊತ್ತಿಗೆ ಎಲ್ಲ ತಣ್ಣಗಾಗುತ್ತದೆ. ಇದರಿಂದ ಹಾನಿ ಇಲ್ಲ.

ಸಹಕಾರಿ ಬ್ಯಾಂಕಿನ ಸಾಲ, ಕೊಳೆರೋಗಕ್ಕೆ ಉದುರಿದ ಅಡಿಕೆ, ಮುಗಿಯುತ್ತಾ ಬಂದ ಗಲ್ಫ್ ವೀಸಾ, ಹಾಸಿಗೆ ಹಿಡಿದ ಅತ್ತೆ, ಇವು ಹಾಗೆ ಸರಿದು ಹೋಗುವ ಹಾವುಗಳಲ್ಲ. ಮೈ ಮಾತ್ರ ಅದೇ ರೀತಿ ಎಚ್ಚರದಲ್ಲಿರುತ್ತದೆ, ತಿಂಗಳುಗಟ್ಟಲೆ. 1936ರಲ್ಲಿ ಹ್ಯಾನ್ಸ್ ಸೆಲ್ಯೆ ಎಂಬ ವಿಜ್ಞಾನಿ ಇಲಿಗಳಲ್ಲಿ ಇದನ್ನು ತೋರಿಸಿಕೊಟ್ಟರು. ಚಳಿ, ಗಾಯ, ವಿಷ, ಏನೇ ಕೊಟ್ಟರೂ ಇಲಿಗಳ ಮೈಯಲ್ಲಿ ಒಂದೇ ಥರದ ಬದಲಾವಣೆ ಆಯಿತು. ಅಡ್ರಿನಲ್ ಗ್ರಂಥಿ ಊದಿತು, ರೋಗ ತಡೆಯುವ ಅಂಗಗಳು ಕುಗ್ಗಿದವು, ಹೊಟ್ಟೆಯಲ್ಲಿ ಹುಣ್ಣಾಯಿತು. ಕಾರಣ ಯಾವುದಾದರೂ ಪೆಟ್ಟು ಬೀಳುವ ಜಾಗ ಅದೇ.

ಬಿಪಿ, ಶುಗರ್ ನಿಜವಾಗಿ ಟೆನ್ಶನ್‌ನಿಂದ ಬರ್ತದಾ? ಅಲ್ಲ ಡಾಕ್ಟರು ಸುಮ್ನೆ ಹೇಳುವುದಾ?

ಟೆನ್ಶನ್ ಒಂದೇ ಕಾರಣ ಅಲ್ಲ. ಆದರೆ ಅದಕ್ಕೆ ಎರಡು ದಾರಿ ಉಂಟು. ಒಂದು ನೇರ ದಾರಿ: ರಕ್ತನಾಳ ಬಿಗಿಯುತ್ತದೆ, ಹೃದಯ ಜೋರಾಗಿ ಬಡಿಯುತ್ತದೆ, ಕಾರ್ಟಿಸಾಲ್‌ನಿಂದಾಗಿ ಸಕ್ಕರೆ ಇಳಿಯುವುದಿಲ್ಲ, ಹೊಟ್ಟೆಯ ಸುತ್ತ ಕೊಬ್ಬು ಸೇರುತ್ತದೆ. ಇನ್ನೊಂದು ಸುತ್ತು ದಾರಿ. ನನ್ನ ಪ್ರಕಾರ ಅದೇ ಹೆಚ್ಚು ಅಪಾಯದ್ದು. ಟೆನ್ಶನ್ ಇದ್ದವರು ನಿದ್ದೆ ಬಿಡುತ್ತಾರೆ, ಹೊತ್ತಲ್ಲದ ಹೊತ್ತಿಗೆ ಪರೋಟ ತಿನ್ನುತ್ತಾರೆ, ಎರಡು ಬೀಡಿ ಇದ್ದದ್ದು ಒಂದು ಕಟ್ಟು ಆಗುತ್ತದೆ, ಬಿಪಿ ಮಾತ್ರೆ ಮರೆಯುತ್ತಾರೆ.

"ನನ್ನದು ಬರೀ ಟೆನ್ಶನ್ ಬಿಪಿ" ಎಂದು ಮಾತ್ರೆ ನಿಲ್ಲಿಸುವವರೂ ಇದ್ದಾರೆ. ಕಾರಣ ಯಾವುದೇ ಇರಲಿ, ಏರಿದ ಬಿಪಿ ಕಿಡ್ನಿಗೂ ಮಿದುಳಿಗೂ ಮಾಡುವ ಹಾನಿ ಒಂದೇ.

ಹೊಟ್ಟೆ ಉರಿ, ತಲೆನೋವು, ಎದೆ ಡವಡವ. ಸ್ಕ್ಯಾನಿಂಗ್, ಇಸಿಜಿ ಎಲ್ಲ ನಾರ್ಮಲ್. ಹಾಗಾದ್ರೆ ನನಗೆ ಎಂತ ಆಗಿದೆ?

ನಿಮಗೆ ಆಗುತ್ತಿರುವ ನೋವು ನಿಜ. ನಾಟಕ ಅಲ್ಲ, "ಮನಸ್ಸಿನ ಭ್ರಮೆ"ಯೂ ಅಲ್ಲ. ಹೊಟ್ಟೆಗೂ ಮಿದುಳಿಗೂ ನರಗಳ ನೇರ ಸಂಪರ್ಕ ಇದೆ, ಹಾಗಾಗಿ ಚಿಂತೆ ಮೊದಲು ಹೊಟ್ಟೆಯಲ್ಲಿ ಕಾಣುತ್ತದೆ. ನಮ್ಮಲ್ಲಿ "ಬೇಸರ" ಎಂದು ಹೇಳಲು ನಾಚುವವರು "ಗ್ಯಾಸ್" ಎಂದು ಹೇಳುತ್ತಾರೆ. ಒಮ್ಮೆ ಪರೀಕ್ಷೆ ಮಾಡಿಸಿ ಗಂಭೀರವಾದದ್ದು ಏನೂ ಇಲ್ಲ ಎಂದು ಗೊತ್ತಾದ ಮೇಲೆ, ಆಸ್ಪತ್ರೆ ಬದಲಿಸಿ ಅದೇ ಸ್ಕ್ಯಾನಿಂಗ್ ಮತ್ತೆ ಮಾಡಿಸಬೇಡಿ. ಕೇರಳದ ಕುಟುಂಬ ಆರೋಗ್ಯ ಕೇಂದ್ರಗಳಲ್ಲಿ ಖಿನ್ನತೆ ಪತ್ತೆ ಮಾಡಲು "ಆಶ್ವಾಸಂ" ಎಂಬ ಕ್ಲಿನಿಕ್ ಇರುತ್ತದೆ. ನಿಮ್ಮ ಕೇಂದ್ರದಲ್ಲಿ ಅದು ಯಾವ ದಿನ ಎಂದು ಆಶಾ ಕಾರ್ಯಕರ್ತೆಯನ್ನು ಕೇಳಿ.

ಅಭ್ಯಾಸಕ್ಕೂ ಚಟಕ್ಕೂ ಎಂತ ವ್ಯತ್ಯಾಸ? ನಮ್ಮವರು ದಿನಾ ಕುಡಿಯುವುದಿಲ್ಲ.

ದಿನ ಎಣಿಸಿದರೆ ಗೊತ್ತಾಗುವುದಿಲ್ಲ. ಡಾಕ್ಟರುಗಳು ಬಹುಕಾಲದಿಂದ ಆರು ಲಕ್ಷಣ ನೋಡುತ್ತಾರೆ: ತಡೆಯಲಾಗದ ಆಸೆ. ಒಮ್ಮೆ ಶುರುವಾದರೆ ಇಷ್ಟಕ್ಕೇ ನಿಲ್ಲಿಸಲು ಆಗದಿರುವುದು. ಬಿಟ್ಟರೆ ಕೈ ನಡುಕ, ಬೆವರು. ಮೊದಲಿನ ಅಮಲು ಬರಲು ಈಗ ಜಾಸ್ತಿ ಬೇಕಾಗುವುದು. ಬೇರೆ ಸಂತೋಷಗಳು ಒಂದೊಂದಾಗಿ ಬಿಟ್ಟು ಹೋಗುವುದು. ಹಾನಿ ಕಣ್ಣಿಗೆ ಕಂಡರೂ ಮುಂದುವರಿಸುವುದು. ಒಂದು ವರ್ಷದೊಳಗೆ ಇವುಗಳಲ್ಲಿ ಮೂರು ಒಟ್ಟಿಗೆ ಕಂಡರೆ ಅದು ಅವಲಂಬನೆ.

ನಮ್ಮ ಜಿಲ್ಲೆಯಲ್ಲಿ ಇನ್ನೂ ಸುಲಭದ ಪರೀಕ್ಷೆ ಒಂದಿದೆ. ಕೇರಳದಲ್ಲಿ ಪ್ರತಿ ತಿಂಗಳ 1ನೇ ತಾರೀಕು ಮದ್ಯದಂಗಡಿ ಬಂದ್. ಹಿಂದಿನ ದಿನವೇ ತಂದು ಬಚ್ಚಿಡುತ್ತಾರಾ? ಆ ದಿನ ತಲಪಾಡಿ ಗಡಿ ದಾಟುತ್ತಾರಾ? ಕರ್ನಾಟಕದ ಮದ್ಯದ ಪ್ಯಾಕೆಟ್ ಬ್ಲಾಕ್‌ನಲ್ಲಿ ಹುಡುಕುತ್ತಾರಾ? ಏನೂ ಸಿಗದಿದ್ದರೆ ಮನೆಯವರ ಮೇಲೆ ಹಾಯುತ್ತಾರಾ? ಆ ಒಂದು ದಿನ ಬಹಳಷ್ಟು ಹೇಳುತ್ತದೆ.

ಒಂದು ಪೆಗ್ ಹಾಕಿದರೆ ಟೆನ್ಶನ್ ಹೋಗ್ತದೆ, ನಿದ್ದೆ ಬರ್ತದೆ. ಅದರಲ್ಲಿ ಎಂತ ತಪ್ಪು?

ನಿದ್ದೆ ಬರುತ್ತದೆ ಎನ್ನುವುದು ಸುಳ್ಳಲ್ಲ. ಮದ್ಯ ಮಿದುಳಿನ ವೇಗ ತಗ್ಗಿಸುತ್ತದೆ, ಬೇಗ ಕಣ್ಣು ಮುಚ್ಚುತ್ತದೆ. ಆದರೆ ಮಧ್ಯರಾತ್ರಿಯ ಹೊತ್ತಿಗೆ ಅದು ಮೈಯಿಂದ ಇಳಿಯುತ್ತದೆ. ಆಗ ತಗ್ಗಿಸಿಟ್ಟ ಮಿದುಳು ದುಪ್ಪಟ್ಟು ಎಚ್ಚರಗೊಳ್ಳುತ್ತದೆ. ಎರಡು ಮೂರು ಗಂಟೆಗೆ ಎಚ್ಚರ, ಬಾಯಿ ಒಣಗುವುದು, ಎದೆ ಬಡಿತ, ಕೆಟ್ಟ ಯೋಚನೆ. ಗೊರಕೆಯೂ ಜೋರಾಗುತ್ತದೆ. ಬೆಳಿಗ್ಗೆ ಎದ್ದಾಗ ಹಿಂದಿನ ದಿನಕ್ಕಿಂತ ಹೆಚ್ಚು ಕಿರಿಕಿರಿ. ಸಂಜೆ ಮತ್ತೆ ಒಂದು ಪೆಗ್ ಬೇಕೆನಿಸುತ್ತದೆ.

ಟೆನ್ಶನ್, ಕುಡಿತ ಎರಡೂ ಗಂಟು ಬೀಳುವುದು ಇಲ್ಲಿಯೇ. ಕೆಲವು ತಿಂಗಳು ಹೀಗೆ ನಡೆದರೆ ಮಿದುಳು ತನ್ನನ್ನೇ ಬದಲಿಸಿಕೊಳ್ಳುತ್ತದೆ. ಮದ್ಯ ಇಲ್ಲದ ಸಾಮಾನ್ಯ ಹೊತ್ತಿನಲ್ಲೂ ಟೆನ್ಶನ್ ಮೊದಲಿಗಿಂತ ಮೇಲಿನ ಮಟ್ಟದಲ್ಲಿ ನಿಲ್ಲುತ್ತದೆ. ಆಗ ಕುಡಿಯುವುದು ಖುಷಿಗಲ್ಲ, ಕುಡಿತವೇ ತಂದ ಕಿರಿಕಿರಿಯನ್ನು ತಗ್ಗಿಸಲು. ಬೀಡಿ, ಸಿಗರೇಟಿನದ್ದೂ ಇದೇ ಕಥೆ. ಹೊಗೆಯ ನಿಕೋಟಿನ್ ಕೆಲವೇ ಸೆಕೆಂಡಿನಲ್ಲಿ ಮಿದುಳು ಸೇರುತ್ತದೆ. "ಬೀಡಿ ಎಳೆದರೆ ಸಮಾಧಾನ" ಎನ್ನುವವರಿಗೆ ಸಿಗುವ ಸಮಾಧಾನದಲ್ಲಿ ದೊಡ್ಡ ಪಾಲು ಹಿಂದಿನ ಬೀಡಿಯ ಅಮಲು ಇಳಿದ ಕಿರಿಕಿರಿ ಹೋಗುವುದು, ಅಷ್ಟೇ.

## ಊರಿನ ಅಭ್ಯಾಸಗಳ ಬಗ್ಗೆ

ಕಳ್ಳು ಆರೋಗ್ಯಕ್ಕೆ ಒಳ್ಳೆಯದಲ್ವಾ? ದೈವಕ್ಕೂ ಇಡ್ತಾರೆ.

ದೈವದ ಕಟ್ಟುಕಟ್ಟಳೆಯ ಬಗ್ಗೆ ಮಾತಾಡುವುದು ನನ್ನ ಕೆಲಸವಲ್ಲ. ದಿನಾ ಸಂಜೆ ಶಾಪಿಗೆ ಹೋಗಲು ದೈವವನ್ನು ಸಾಕ್ಷಿ ಕರೆಯುವುದು ಮಾತ್ರ ಸರಿ ಕಾಣುವುದಿಲ್ಲ. ಇಳಿಸಿದ ಕೆಲವು ಗಂಟೆಗಳಲ್ಲೇ ಕಳ್ಳು ಹುಳಿಯೇರಿ ಹೆಚ್ಚುಕಡಿಮೆ ಬಿಯರಿನಷ್ಟು ಆಲ್ಕೊಹಾಲ್ ಸೇರುತ್ತದೆ. ಲಿವರ್‌ಗೆ ಅದು ತೆಂಗಿನ ಮರದಿಂದ ಬಂದದ್ದೋ ಫ್ಯಾಕ್ಟರಿಯಿಂದ ಬಂದದ್ದೋ ಗೊತ್ತಾಗುವುದಿಲ್ಲ. ಆರೋಗ್ಯಕ್ಕೆ ಹಾನಿಯೇ ಇಲ್ಲದ ಪ್ರಮಾಣ ಎಂಬುದು ಮದ್ಯಕ್ಕೆ ಇಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರ ಜನವರಿಯಲ್ಲಿ ಸ್ಪಷ್ಟವಾಗಿ ಹೇಳಿದೆ. ಬಾಯಿ, ಗಂಟಲು, ಅನ್ನನಾಳ, ಲಿವರ್, ಕರುಳು, ಸ್ತನ, ಇಷ್ಟೂ ಕಡೆಯ ಕ್ಯಾನ್ಸರಿಗೆ ಮದ್ಯ ಒಂದು ಕಾರಣ.

ಎಲೆಯಡಿಕೆ ತಿನ್ನುವುದೂ ಚಟವಾ? ನಮ್ಮ ಅಜ್ಜಿ ಎಲೆ ತಿಂದೇ ತೊಂಬತ್ತು ವರ್ಷ ಬದುಕಿದ್ರು.

ಅಡಿಕೆ ಬೆಳೆದು ಉಣ್ಣುವ ಊರಿನಲ್ಲಿ ಈ ಉತ್ತರ ಯಾರಿಗೂ ಇಷ್ಟವಾಗುವುದಿಲ್ಲ. ಆದರೂ ಹೇಳಬೇಕು. ಅಡಿಕೆಯಲ್ಲಿ ಅರೆಕೊಲಿನ್ ಎಂಬ ಅಂಶ ಇದೆ. ಮೈ ಬಿಸಿಯಾಗುವುದು, ಹಣೆ ಬೆವರುವುದು, ಸ್ವಲ್ಪ ಚುರುಕಾಗುವುದು ಅದರಿಂದ. ಅದಕ್ಕೆ ಹೊಗೆಸೊಪ್ಪು ಸೇರಿದರೆ ನಿಕೋಟಿನ್ ಕೂಡ ಬಂತು. ಊಟವಾದ ಮೇಲೆ ಎಲೆ ಇಲ್ಲದಿದ್ದರೆ ತಲೆನೋವು, ಸಿಟ್ಟು ಬರುತ್ತದೆ ಎಂದಾದರೆ ಅದು ಅವಲಂಬನೆಯೇ.

"ಹೊಗೆಸೊಪ್ಪು ಹಾಕದಿದ್ದರೆ ಏನೂ ಆಗುವುದಿಲ್ಲ" ಎಂಬ ಮಾತು ನಮ್ಮಲ್ಲಿ ಬಹಳ ಕೇಳುತ್ತೇವೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ ಹೊಗೆಸೊಪ್ಪಿಲ್ಲದ ತಾಂಬೂಲವನ್ನೂ ಬರೀ ಅಡಿಕೆಯನ್ನೂ ಕ್ಯಾನ್ಸರ್‌ಕಾರಕಗಳ ಪಟ್ಟಿಗೆ ಸೇರಿಸಿದೆ. ಹೊಗೆಸೊಪ್ಪು ಸೇರಿದರೆ ಅಪಾಯ ಇನ್ನೂ ಜಾಸ್ತಿ. ಅಜ್ಜಿ ತೊಂಬತ್ತು ಬದುಕಿದ್ದು ನಿಜ. ಬಾಯಿ ಕ್ಯಾನ್ಸರಿಗೆ ಹೋದವರ ವಿಷಯ ಮಾತ್ರ ಮನೆಗಳಲ್ಲಿ ಅಷ್ಟು ಹೆಮ್ಮೆಯಿಂದ ಯಾರೂ ಹೇಳುವುದಿಲ್ಲ, ಅಲ್ವಾ?

ಮನೆಯಲ್ಲೇ ನೋಡಿಕೊಳ್ಳಬಹುದಾದದ್ದು ಇಷ್ಟು. ಮೊದಲು ತಿನ್ನುತ್ತಿದ್ದ ಖಾರಕ್ಕೆ ಈಗ ಬಾಯಿ ಉರಿಯುತ್ತದಾ? ನಿಮ್ಮದೇ ಮೂರು ಬೆರಳು ಒಂದರ ಮೇಲೊಂದು ಇಟ್ಟರೆ ಬಾಯೊಳಗೆ ಹೋಗುತ್ತದಾ? ಹೋಗದಿದ್ದರೆ ಕೆನ್ನೆಯ ಒಳಚರ್ಮ ಬಿಗಿಯುತ್ತಿರಬಹುದು. ಬಿಳಿ ಅಥವಾ ಕೆಂಪು ಕಲೆ, ಎರಡು ಮೂರು ವಾರದಲ್ಲಿ ಮಾಗದ ಹುಣ್ಣು ಇದ್ದರೆ ಹಲ್ಲಿನ ಡಾಕ್ಟರಿಗೆ ತೋರಿಸಲು ತಡ ಮಾಡಬೇಡಿ. ಗುಟ್ಕಾದ ಬಗ್ಗೆ ಬೇರೆ ಹೇಳಬೇಕಾಗಿಲ್ಲ. ಕೇರಳ 2012ರಲ್ಲೇ ಅದನ್ನು ನಿಷೇಧಿಸಿದೆ, ಗೂಡಂಗಡಿಯಲ್ಲಿ ಗುಟ್ಟಾಗಿ ಸಿಗುವುದು ನಿಂತಿಲ್ಲ.

ಲಾಟರಿ ತೆಗೆಯುವುದನ್ನೂ ಚಟ ಅಂತ ಹೇಳ್ತೀರಾ? ಅದು ಸರ್ಕಾರದ್ದೇ ಅಲ್ವಾ?

ಸರ್ಕಾರದ್ದೇ. ಕೇರಳ 1967ರಲ್ಲಿ ಲಾಟರಿ ಇಲಾಖೆ ಶುರು ಮಾಡಿತು. ಕರ್ನಾಟಕ 2007ರಲ್ಲಿ ಲಾಟರಿ ನಿಲ್ಲಿಸಿತು. ಹಾಗಾಗಿ ಗಡಿಯ ಈಚೆಗಿನ ಅಂಗಡಿಗಳಿಗೆ ಆಚೆಯವರೂ ಬರುತ್ತಾರೆ. ಕಾನೂನು ಒಪ್ಪಿದೆ ಎಂದ ಮಾತ್ರಕ್ಕೆ ಮಿದುಳು ಅದನ್ನು ಬೇರೆ ಥರ ನೋಡುವುದಿಲ್ಲ. ಸಾರಾಯಿಯೂ ಒಂದು ಕಾಲದಲ್ಲಿ ಕಾನೂನಿನೊಳಗೇ ಇತ್ತು.

ಹಬ್ಬಕ್ಕೆ ಒಂದು ಓಣಂ ಬಂಪರ್ ತೆಗೆಯುವುದು ಚಟ ಅಲ್ಲ. ದಿನಾ ಟಿಕೆಟ್, ಫಲಿತಾಂಶ ಬರುವ ಹೊತ್ತಿಗೆ ಕೆಲಸ ಬಿಟ್ಟು ಫೋನ್ ನೋಡುವುದು, "ಒಂದು ನಂಬರಿನಲ್ಲಿ ಹೋಯಿತು" ಎಂದು ಮಾರನೇ ದಿನ ಹತ್ತು ಟಿಕೆಟ್, ಹೋದ ಹಣ ಮರಳಿ ಪಡೆಯಲು ಸಾಲ, ಇದು ಚಟದ ದಾರಿ. ಒಂದು ನಂಬರಿನಲ್ಲಿ ಸೋತರೂ ಸೋಲು ಸೋಲೇ. ಮಿದುಳು ಮಾತ್ರ ಅದನ್ನು ಅರ್ಧ ಗೆಲುವು ಎಂದು ಎಣಿಸುತ್ತದೆ, ಆಟ ನಡೆಯುವುದೇ ಅದರ ಮೇಲೆ. ಫೋನಿನಲ್ಲಿ ಹಣ ಕಟ್ಟಿ ಆಡುವ ಆಟಗಳ ಮೇಲೆ ಕೇಂದ್ರ ಸರ್ಕಾರ 2025ರಲ್ಲಿ ನಿಷೇಧದ ಕಾನೂನು ತಂದಿದೆ. ಆ ಸಾಲ ಮಾತ್ರ ಕಾನೂನು ಬಂತು ಎಂದು ಕರಗುವುದಿಲ್ಲ. ಅದನ್ನು ಮನೆಯಲ್ಲಿ ಬಾಯಿಬಿಟ್ಟು ಹೇಳಿದ ದಿನವೇ ಚಿಕಿತ್ಸೆ ಶುರು.

ಮಗ ರಾತ್ರಿಯೆಲ್ಲ ಗೇಮ್ ಆಡ್ತಾನೆ. ಫೋನ್ ಕಿತ್ಕೊಂಡರೆ ಸಾಕಾ?

ಕಿತ್ತುಕೊಂಡರೆ ಜಗಳ ಜಾಸ್ತಿಯಾಗುತ್ತದೆ. ರಾತ್ರಿ ಮನೆಯ ಎಲ್ಲರ ಫೋನೂ ಚಾವಡಿಯಲ್ಲಿ ಚಾರ್ಜಿಗೆ ಇರಲಿ. ಅಪ್ಪನದ್ದೂ ಸೇರಿ. ವಿಶ್ವ ಆರೋಗ್ಯ ಸಂಸ್ಥೆ ಗೇಮಿಂಗ್ ಚಟವನ್ನು ತನ್ನ ರೋಗಪಟ್ಟಿಯಲ್ಲಿ ಸೇರಿಸಿದೆ. ಆದರೆ ತುಂಬಾ ಆಡುವ ಎಲ್ಲ ಮಕ್ಕಳೂ ಅದರೊಳಗೆ ಬರುವುದಿಲ್ಲ. ಓದು, ಊಟ, ಸ್ನಾನ, ಗೆಳೆಯರು ಎಲ್ಲ ಬಿಟ್ಟು ಒಂದು ವರ್ಷದ ಹತ್ತಿರ ಹಾಗೆಯೇ ನಡೆದಿದ್ದರೆ ಗಂಭೀರ. ಶಾಲೆಯಲ್ಲಿ ಏನಾದರೂ ಆಗಿದೆಯಾ ಎಂದೂ ಕೇಳಿ. ಎಷ್ಟೋ ಮಕ್ಕಳಿಗೆ ಆಟ ಒಂದು ಅಡಗುತಾಣ.

ಗಾಂಜಾ, ಎಂಡಿಎಂಎ ತಗೊಳ್ತಾನಾ ಅಂತ ಗೊತ್ತಾಗುವುದು ಹೇಗೆ?

ಒಂದೇ ಲಕ್ಷಣದಿಂದ ಹೇಳಲು ಆಗುವುದಿಲ್ಲ. ಹಲವು ಬದಲಾವಣೆ ಒಟ್ಟಿಗೆ ಬರುತ್ತದಾ ನೋಡಿ: ಹಳೆಯ ಗೆಳೆಯರು ಹೋಗಿ ಹೊಸಬರು, ಲೆಕ್ಕ ಸಿಗದ ಹಣ, ಕೋಣೆಗೆ ಸದಾ ಚಿಲಕ. ಗಾಂಜಾದಲ್ಲಿ ಕೆಂಪು ಕಣ್ಣು, ಹಸಿವು, ಮಂಕು. ಎಂಡಿಎಂಎಯಲ್ಲಿ ನಿದ್ದೆ, ಹಸಿವು ಇಲ್ಲದ ಒಂದೆರಡು ದಿನ, ಹಲ್ಲು ಕಚ್ಚುವುದು, ಅಗಲವಾದ ಕಣ್ಣಪಾಪೆ, ಆಮೇಲೆ ಸತ್ತ ಹಾಗೆ ಮಲಗಿ ಏಳುವಾಗ ವಿಪರೀತ ಬೇಸರ. ಚೀಲ ಶೋಧಿಸಿ ಬಂಧುಗಳನ್ನೆಲ್ಲ ಸೇರಿಸಿ ವಿಚಾರಣೆ ಮಾಡಬೇಡಿ. ಅವನು ಮತ್ತಿನಲ್ಲಿಲ್ಲದ ಹೊತ್ತಿನಲ್ಲಿ, ಒಬ್ಬರೇ ಕೂತು, ಕಂಡದ್ದನ್ನು ಮಾತ್ರ ಹೇಳಿ.

## ಮನೆಯವರ ಪ್ರಶ್ನೆಗಳು

ಕುಡಿಯುವುದು ಅವರು, ಬಿಪಿ ಬಂದದ್ದು ನನಗೆ. ಇದೆಂಥ ನ್ಯಾಯ?

ನ್ಯಾಯ ಖಂಡಿತ ಅಲ್ಲ. ಸಂಜೆ ಗೇಟಿನ ಸದ್ದಾದಾಗ ನಿಮ್ಮ ಎದೆ ಹೊಡೆದುಕೊಳ್ಳುತ್ತದೆ. ಹೆಜ್ಜೆಯ ಸದ್ದಿನಲ್ಲೇ ಇವತ್ತು ಎಷ್ಟು ಎಂದು ಅಂದಾಜು ಮಾಡುತ್ತೀರಿ. ವರ್ಷಗಟ್ಟಲೆ ಹೀಗೆ ಕಿವಿಯಾನಿಸಿ ಬದುಕಿದ ಮೈಯಲ್ಲಿ ಬಿಪಿ, ನಿದ್ರೆಗೇಡು, ಮುಟ್ಟಿನ ಏರುಪೇರು ಬರುವುದು ಆಶ್ಚರ್ಯವಲ್ಲ. ಮಕ್ಕಳೂ ಇದನ್ನೇ ಕಲಿಯುತ್ತಾರೆ. ಒಬ್ಬ ಪುಂಡನಾಗುತ್ತಾನೆ, ಇನ್ನೊಬ್ಬಳು ಒಂದು ಮಾತೂ ಆಡದೆ ಎಲ್ಲ ಕೆಲಸ ಮಾಡುವ "ಒಳ್ಳೆ ಹುಡುಗಿ" ಆಗುತ್ತಾಳೆ. ಎರಡನೆಯವಳ ಬಗ್ಗೆ ಯಾರೂ ಚಿಂತೆ ಮಾಡುವುದಿಲ್ಲ. ಮಾಡಬೇಕು.

ಅವರ ಪರವಾಗಿ ಸುಳ್ಳು ಹೇಳುವುದನ್ನು ನಿಲ್ಲಿಸಿ. "ಜ್ವರ, ಕೆಲಸಕ್ಕೆ ಬರುವುದಿಲ್ಲ" ಎಂದು ಫೋನ್ ಮಾಡುವುದು, ಅಂಗಡಿಯ ಕುಡಿತದ ಬಾಕಿ ತೀರಿಸುವುದು, ಇದೆಲ್ಲ ಮರ್ಯಾದೆ ಉಳಿಸಿದ ಹಾಗೆ ಕಾಣುತ್ತದೆ. ಕುಡಿತದ ಖರ್ಚನ್ನು ಅವರ ಬದಲು ನೀವು ಹೊತ್ತ ಹಾಗಾಗುತ್ತದೆ, ಅಷ್ಟೇ. ಮತ್ತಿನಲ್ಲಿದ್ದಾಗ ವಾದ ಬೇಡ. ಹೊಡೆತ ಇದ್ದರೆ ಮಾತು ಬೇರೆ: ಮಹಿಳಾ ಸಹಾಯವಾಣಿ 181, ತುರ್ತಿಗೆ 112, ಮಕ್ಕಳ ವಿಷಯಕ್ಕೆ 1098. ಮನೆಯೊಳಗಿನ ಹಿಂಸೆಯ ವಿರುದ್ಧ 2005ರ ಕಾನೂನು ನಿಮಗೆ ಅದೇ ಮನೆಯಲ್ಲಿ ಇರುವ ಹಕ್ಕನ್ನೂ ಕೊಡುತ್ತದೆ.

ಗಂಡ ಗಲ್ಫಿನಲ್ಲಿ. ಮನೆ, ಮಕ್ಕಳು, ಅತ್ತೆ ಎಲ್ಲ ನಾನೇ. ನಿದ್ದೆ ಮಾತ್ರೆ ಶುರು ಮಾಡಿದೆ, ಈಗ ಬಿಡ್ಲಿಕ್ಕೆ ಆಗುವುದಿಲ್ಲ.

ಇದನ್ನು ಕೇಳುವವರು ಬಹಳ, ಜೋರಾಗಿ ಕೇಳುವವರು ಇಲ್ಲ. ಆಲ್ಪ್ರಜೋಲಾಂ, ಕ್ಲೋನಜೆಪಾಂ ಥರದ ಮಾತ್ರೆಗಳು ಸಾಮಾನ್ಯವಾಗಿ ಕೆಲವು ವಾರಕ್ಕೆ ಮಾತ್ರ. ಹಳೆಯ ಚೀಟಿ ತೋರಿಸಿ ವರ್ಷಗಟ್ಟಲೆ ತಂದರೆ ಮೈ ಒಗ್ಗಿಕೊಳ್ಳುತ್ತದೆ, ಅರ್ಧ ಇದ್ದದ್ದು ಒಂದಾಗುತ್ತದೆ. ಮರೆವು ಬರುತ್ತದೆ, ವಯಸ್ಸಾದವರು ರಾತ್ರಿ ಎದ್ದು ಬೀಳುತ್ತಾರೆ. ಒಮ್ಮೆಗೇ ನಿಲ್ಲಿಸಲೇಬೇಡಿ, ಫಿಟ್ಸ್ ಬರಬಹುದು. ಡಾಕ್ಟರು ವಾರಗಳ ಲೆಕ್ಕದಲ್ಲಿ ಚೂರು ಚೂರೇ ಇಳಿಸುತ್ತಾರೆ. ಇದರಲ್ಲಿ ನಿಮ್ಮ ತಪ್ಪು ಹುಡುಕುವುದು ಬೇಡ. ಇಡೀ ಮನೆಯ ಭಾರ ಒಬ್ಬರ ತಲೆ ಮೇಲೆ ಹಾಕಿದ್ದನ್ನು ಯಾರೂ ಕೇಳಲಿಲ್ಲ, ಮಾತ್ರೆ ಮಾತ್ರ ಎಲ್ಲರಿಗೂ ಕಂಡಿತು.

ನನ್ನ ಮಗು ಎಂಡೋಸಲ್ಫಾನ್ ಪಟ್ಟಿಯಲ್ಲಿ ಉಂಟು. "ವಿಶ್ರಾಂತಿ ತಗೊಳ್ಳಿ" ಅಂತ ಹೇಳುವುದು ಎಲ್ಲರಿಗೂ ಸುಲಭ.

ಸರಿಯಾದ ಮಾತು. ಗೇರು ತೋಟಗಳ ಮೇಲೆ 1970ರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಬಿಟ್ಟರು. 2011ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ದೇಶದಲ್ಲೇ ನಿಲ್ಲಿಸಿತು. ಎಣ್ಮಕಜೆಯಂಥ ಪಂಚಾಯತುಗಳಲ್ಲಿ ಮಗುವನ್ನು ಎತ್ತಿ, ತಿನ್ನಿಸಿ, ತೊಳೆದು ಬದುಕು ಸವೆಸಿದ ಅಮ್ಮಂದಿರಿಗೆ "ಯೋಗ ಮಾಡಿ" ಎನ್ನಲು ನನಗೆ ಬಾಯಿ ಬರುವುದಿಲ್ಲ. ಅವರಿಗೆ ಬೇಕಾದ್ದು ಇನ್ನೊಂದು ಜೊತೆ ಕೈ. ಹಗಲು ಹೊತ್ತು ವಿಶೇಷ ಚೇತನ ಮಕ್ಕಳ ಬಡ್ಸ್ ಶಾಲೆಗೆ ಕಳಿಸಲು ಆಗುತ್ತದಾ ಎಂದು ಪಂಚಾಯತಿನಲ್ಲಿ ಕೇಳಿ. ಮನೆಗೆ ಬರುವ ಪಾಲಿಯೇಟಿವ್ ನರ್ಸ್ ಮಗುವಿನ ಜೊತೆ ನಿಮ್ಮ ಬಿಪಿಯನ್ನೂ ನೋಡಲಿ. ಆರೈಕೆ ಮಾಡುವವರಿಗೆಂದೇ ಕೇರಳದಲ್ಲಿ "ಆಶ್ವಾಸಕಿರಣಂ" ಎಂಬ ಸಹಾಯಧನ ಇದೆ. ಮೊತ್ತ ಸಣ್ಣದು, ಸಿಗುವಾಗ ತಡವೂ ಆಗುತ್ತದೆ. ಆದರೂ ಅರ್ಜಿ ಹಾಕಲು ಆಗುತ್ತದಾ ಎಂದು ಕೇಳಿ ನೋಡಿ.

ದೇವಸ್ಥಾನದಲ್ಲಿ ಆಣೆ ಹಾಕಿಸಿದರೆ ಬಿಡ್ತಾರಾ?

ಕೆಲವರು ಬಿಟ್ಟಿದ್ದಾರೆ. ಶಬರಿಮಲೆಗೆ ಮಾಲೆ ಹಾಕಿದವರು 41 ದಿನ ಮುಟ್ಟುವುದಿಲ್ಲ. ಮಾಲೆ ತೆಗೆದ ದಿನ ಸಂಜೆಗೇ ಶುರು ಮಾಡುವವರೂ ಇದ್ದಾರೆ. ಅವರಿಗೆ ಮನಸ್ಸು ಗಟ್ಟಿ ಇಲ್ಲ ಎನ್ನುವುದು ಸುಳ್ಳೆಂದು ಆ 41 ದಿನವೇ ತೋರಿಸುತ್ತದೆ. ವ್ರತದಲ್ಲಿ ದಿನಕ್ಕೊಂದು ಕ್ರಮ ಇತ್ತು, ಜೊತೆಗೆ ನಾಲ್ಕು ಜನ ಇದ್ದರು, ಸುತ್ತಲಿನವರು ಗೌರವ ಕೊಟ್ಟು "ಸ್ವಾಮಿ" ಎಂದರು, ಯಾರೂ ಗ್ಲಾಸು ಮುಂದೆ ಹಿಡಿಯಲಿಲ್ಲ. ಮಾಲೆ ತೆಗೆದಾಗ ಇದೆಲ್ಲ ಒಟ್ಟಿಗೆ ಹೋಯಿತು. ಧರ್ಮಸ್ಥಳ ಯೋಜನೆಯವರ ಮದ್ಯವರ್ಜನ ಶಿಬಿರಗಳು, ಕುಡಿತ ಬಿಟ್ಟವರೇ ಸೇರಿ ನಡೆಸುವ ಆಲ್ಕೊಹಾಲಿಕ್ಸ್ ಅನಾನಿಮಸ್ ಗುಂಪುಗಳು ಕೊಡುವುದೂ ಮುಖ್ಯವಾಗಿ ಆ ಸಂಗಡವನ್ನೇ. ಶಿಬಿರ ಮುಗಿದ ಮೇಲಿನ ವಾರದ ಸಭೆಗೆ ಹೋಗದಿದ್ದರೆ ಅರ್ಧ ಚಿಕಿತ್ಸೆ ಬಿಟ್ಟ ಹಾಗೆ.

ಅವರಿಗೆ ಗೊತ್ತಾಗದ ಹಾಗೆ ಸಾಂಬಾರಿನಲ್ಲಿ ಮದ್ದು ಹಾಕಬಹುದಾ? ಜಾಹೀರಾತು ನೋಡಿದೆ.

ಬೇಡ. ಡೈಸಲ್ಫಿರಾಂ ಎಂಬ ಮಾತ್ರೆ ಮೈಯಲ್ಲಿದ್ದಾಗ ಕುಡಿದರೆ ಮುಖ ಕೆಂಪೇರುತ್ತದೆ, ವಾಂತಿ, ಎದೆ ಬಡಿತ, ಬಿಪಿ ಕುಸಿತ. ಹೃದಯ ದುರ್ಬಲ ಇದ್ದವರು ಸಾಯಲೂಬಹುದು. ಡಾಕ್ಟರು ಅದನ್ನು ಪರೀಕ್ಷೆ ಮಾಡಿ, ರೋಗಿಯ ಒಪ್ಪಿಗೆ ಪಡೆದು ಕೊಡುತ್ತಾರೆ. ಜಾಹೀರಾತಿನ ಪುಡಿಯಲ್ಲಿ ಏನಿದೆ ಎಂದು ಮಾರುವವನಿಗೂ ಗೊತ್ತಿರುವುದಿಲ್ಲ. ಗೊತ್ತಾದ ದಿನ ಅವರು ನಿಮ್ಮ ಕೈಯ ಊಟವನ್ನೂ ನಂಬುವುದಿಲ್ಲ.

## ಬಿಡುವುದು, ಚಿಕಿತ್ಸೆ

ನಾಳೆಯಿಂದ ಪೂರ್ತಿ ಬಂದ್ ಅಂತ ನಿಲ್ಲಿಸಿಬಿಡಬಹುದಾ?

ಬೀಡಿ, ಎಲೆಯಡಿಕೆ ಆದರೆ ನಿಲ್ಲಿಸಬಹುದು. ಕಿರಿಕಿರಿ ಆಗುತ್ತದೆ, ಜೀವಕ್ಕೆ ಅಪಾಯ ಇಲ್ಲ. ವಾರಕ್ಕೊಮ್ಮೆ ಸ್ವಲ್ಪ ಕುಡಿಯುವವರೂ ನಿಲ್ಲಿಸಬಹುದು. ಬೆಳಿಗ್ಗೆ ಎದ್ದು ಕೈ ನಡುಕ ನಿಲ್ಲಿಸಲೆಂದೇ ಕುಡಿಯುವವರು ಮಾತ್ರ ಡಾಕ್ಟರ ಸಹಾಯ ಇಲ್ಲದೆ ಒಮ್ಮೆಗೇ ನಿಲ್ಲಿಸಬಾರದು.

ಕೊನೆಯ ಗ್ಲಾಸಿನ ನಂತರ ಆರೆಂಟು ಗಂಟೆಗೆ ನಡುಕ, ಬೆವರು, ವಾಂತಿ ಶುರುವಾಗಬಹುದು. ಮೊದಲ ಎರಡು ದಿನದೊಳಗೆ ಫಿಟ್ಸ್ ಬರುವ ಸಾಧ್ಯತೆ ಉಂಟು. ಎರಡರಿಂದ ನಾಲ್ಕನೇ ದಿನದಲ್ಲಿ ಕೆಲವರಿಗೆ ದಿಕ್ಕು ತಪ್ಪುತ್ತದೆ. ಗೋಡೆಯ ಮೇಲೆ ಹುಳ ಹರಿದಂತೆ ಕಾಣುತ್ತದೆ, ಮನೆಯವರ ಗುರುತು ಸಿಗುವುದಿಲ್ಲ, ಜ್ವರ ಏರುತ್ತದೆ. ಇದನ್ನು "ಗಾಳಿ ಸೋಕಿದೆ" ಎಂದು ಮಂತ್ರವಾದಿಯ ಹತ್ತಿರ ಕರೆದುಕೊಂಡು ಹೋಗಿ ಹೊತ್ತು ಕಳೆಯುತ್ತಾರೆ. ಚಿಕಿತ್ಸೆ ಸಿಗದಿದ್ದರೆ ಇದು ಪ್ರಾಣ ತೆಗೆಯುವ ಸ್ಥಿತಿ. ಆಸ್ಪತ್ರೆಯಲ್ಲಾದರೆ ಶಾಂತಗೊಳಿಸುವ ಔಷಧ, ಬಿ-1 ವಿಟಮಿನ್, ನೀರಿನಂಶ ಕೊಟ್ಟು ಕೆಲವೇ ದಿನದಲ್ಲಿ ದಾಟಿಸುತ್ತಾರೆ.

2020ರ ಮಾರ್ಚಿನಲ್ಲಿ ಲಾಕ್‌ಡೌನ್‌ಗೆ ಅಂಗಡಿಗಳು ಒಮ್ಮೆಗೇ ಮುಚ್ಚಿದಾಗ ಇದು ಇಡೀ ಕೇರಳಕ್ಕೆ ಕಂಡಿತು. ಆತ್ಮಹತ್ಯೆಗಳಾದವು. ಡಾಕ್ಟರ ಚೀಟಿ ಇದ್ದರೆ ಮದ್ಯ ಕೊಡಬಹುದು ಎಂದು ಸರ್ಕಾರ ಆದೇಶ ಮಾಡಿತು, ಹೈಕೋರ್ಟ್ ಏಪ್ರಿಲ್ ಮೊದಲ ವಾರದಲ್ಲೇ ಅದಕ್ಕೆ ತಡೆ ಕೊಟ್ಟಿತು. ಕುಡಿತ ಬಿಟ್ಟಾಗ ಆಗುವ ತೊಂದರೆಗೆ ಮದ್ಯ ಔಷಧವಲ್ಲ, ಬೇರೆ ಔಷಧ ಇದೆ ಎಂದು ಡಾಕ್ಟರುಗಳೂ ಹೇಳಿದರು.

ಎಲ್ಲಿಗೆ ಹೋಗಬೇಕು? ಊರಲ್ಲಿ ಯಾರಿಗೂ ಗೊತ್ತಾಗದ ಹಾಗೆ ಮಂಗಳೂರಿಗೆ ಹೋದರೆ ಆಗದಾ?

ಮಂಗಳೂರಿಗೆ ಹೋಗಬಾರದು ಎಂದಿಲ್ಲ. ಮಂಜೇಶ್ವರದವರಿಗೆ ಅದೇ ಹತ್ತಿರ. ಆದರೆ ಬರೀ ಗುಟ್ಟಿಗಾಗಿ ದೂರ ಹೋದವರನ್ನು ನೋಡಿದ್ದೇನೆ. ಹತ್ತು ದಿನ ಅಡ್ಮಿಟ್, ಬಿಲ್ಲು, ಊರಿಗೆ "ಬೆನ್ನು ನೋವಿಗೆ ಹೋದದ್ದು" ಎಂಬ ಕಥೆ. ಆಮೇಲೆ ಪ್ರತಿ ತಿಂಗಳು ತೋರಿಸಲು ಹೋಗಬೇಕು, ಆಗ ಹೇಳಲು ಕಥೆ ಉಳಿಯುವುದಿಲ್ಲ, ಹೋಗುವುದು ನಿಲ್ಲುತ್ತದೆ. ಚಟದ ಚಿಕಿತ್ಸೆಯಲ್ಲಿ ಅಡ್ಮಿಟ್ ಆಗುವುದು ಸಣ್ಣ ಭಾಗ. ಮುಂದಿನ ಒಂದು ವರ್ಷ ತಪ್ಪದೆ ಹೋಗುವುದೇ ದೊಡ್ಡದು. ಹಾಗಾಗಿ ಹೆಸರುವಾಸಿ ಆಸ್ಪತ್ರೆಗಿಂತ, ಬಸ್ಸಿನಲ್ಲಿ ಹೋಗಿ ಮಧ್ಯಾಹ್ನಕ್ಕೆ ಮನೆ ಸೇರಬಹುದಾದ ಜಾಗ ಮೇಲು. ಈ ಪುಟದಲ್ಲಿ ಒಂದೇ ಒಂದು ಮಾತು ಒಪ್ಪುವುದಾದರೆ ಇದನ್ನು ಒಪ್ಪಿ.

ಮೊದಲು ಹತ್ತಿರದ ಕುಟುಂಬ ಆರೋಗ್ಯ ಕೇಂದ್ರ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ತಂಡ ಯಾವ ದಿನ ಎಲ್ಲಿ ಸಿಗುತ್ತದೆ ಎಂದು ಅಲ್ಲಿ ಹೇಳುತ್ತಾರೆ. ಅಬಕಾರಿ ಇಲಾಖೆಯ "ವಿಮುಕ್ತಿ" ಯೋಜನೆಯ ಚಿಕಿತ್ಸಾ ಕೇಂದ್ರ ನಮ್ಮ ಜಿಲ್ಲೆಯಲ್ಲಿ ನೀಲೇಶ್ವರದ ತಾಲೂಕು ಆಸ್ಪತ್ರೆಯಲ್ಲಿದೆ, ಸಹಾಯವಾಣಿ 14405. ಕೇರಳದ ಆರೋಗ್ಯ ಸಹಾಯವಾಣಿ "ದಿಶಾ" 1056. ಬೀಡಿ, ಹೊಗೆಸೊಪ್ಪು ಬಿಡಲು 1800-11-2356.

ಆಸ್ಪತ್ರೆಯಲ್ಲಿ ಮಲಯಾಳ ಮಾತ್ರ. ನಮ್ಮ ಅಮ್ಮನಿಗೆ ತುಳು, ಕನ್ನಡ ಬಿಟ್ಟು ಬೇರೆ ಬರುವುದಿಲ್ಲ.

ಜ್ವರವಾದರೆ ಸನ್ನೆಯಲ್ಲೂ ಹೇಳಬಹುದು, ಮನಸ್ಸಿನದ್ದು ಹೇಳಲು ಭಾಷೆ ಬೇಕೇ ಬೇಕು. ಟೆಲಿ ಮಾನಸ್ ಸಹಾಯವಾಣಿಯಲ್ಲಿ, ಅಂದರೆ 14416ರಲ್ಲಿ, ಕನ್ನಡದಲ್ಲಿ ಮಾತಾಡುವವರು ಸಿಗುತ್ತಾರೆ, ಹಗಲು ರಾತ್ರಿ, ಉಚಿತವಾಗಿ. ಆಸ್ಪತ್ರೆಗೆ ಹೋಗುವಾಗ ಮಲಯಾಳ ಬಲ್ಲವರನ್ನು ಕರೆದುಕೊಂಡು ಹೋಗಿ. ಆದರೆ ಶಾಲೆಗೆ ಹೋಗುವ ಮೊಮ್ಮಗ ಬೇಡ, ಕುಡಿಯುವ ಗಂಡ ಅಂತೂ ಬೇಡವೇ ಬೇಡ. ಅವರ ಮುಂದೆ ಅಮ್ಮ "ಏನೂ ಇಲ್ಲ, ಸ್ವಲ್ಪ ತಲೆನೋವು" ಎಂದೇ ಹೇಳುತ್ತಾರೆ.

ಮಗನನ್ನು ಚಿಕಿತ್ಸೆಗೆ ಕರ್ಕೊಂಡು ಹೋದರೆ ಪೊಲೀಸ್ ಕೇಸ್ ಆಗ್ತದಾ?

ಕುಡಿತಕ್ಕೆ ಚಿಕಿತ್ಸೆ ಪಡೆದರೆ ಕೇಸಿನ ಪ್ರಶ್ನೆಯೇ ಇಲ್ಲ. ಮಾದಕ ವಸ್ತುವಿನ ವಿಷಯದಲ್ಲೂ ಡಾಕ್ಟರು ರೋಗಿಯ ವಿಷಯ ಗುಟ್ಟಾಗಿಡಬೇಕೆಂದು 2017ರ ಮಾನಸಿಕ ಆರೋಗ್ಯ ಕಾಯ್ದೆ ಹೇಳುತ್ತದೆ. ಕೇಸು ಈಗಾಗಲೇ ಆಗಿದ್ದರೂ, ಅದು ಸ್ವಂತ ಸೇವನೆಯದ್ದೋ ಸಣ್ಣ ಪ್ರಮಾಣದ್ದೋ ಆಗಿದ್ದು, ಅವನು ತಾನಾಗಿ ಸರ್ಕಾರ ಒಪ್ಪಿದ ಕೇಂದ್ರದಲ್ಲಿ ಚಿಕಿತ್ಸೆ ಪೂರ್ತಿ ಪಡೆದರೆ, 1985ರ ಮಾದಕ ವಸ್ತು ಕಾಯ್ದೆಯ 64ಎ ಕಲಂ ಶಿಕ್ಷೆಯಿಂದ ರಕ್ಷಣೆ ಕೊಡುತ್ತದೆ. ಚಿಕಿತ್ಸೆ ಅರ್ಧಕ್ಕೆ ಬಿಟ್ಟರೆ ಆ ರಕ್ಷಣೆ ಹೋಗಬಹುದು. ಮಾರಾಟಕ್ಕೆ ಇದು ಅನ್ವಯಿಸುವುದಿಲ್ಲ. ಒಬ್ಬ ವಕೀಲರನ್ನೂ ಕೇಳಿಕೊಳ್ಳಿ.

ಮಾತ್ರೆ ಕೊಟ್ಟು ಚಟ ಬಿಡಿಸುವುದು ಅಂದ್ರೆ ಒಂದು ಬಿಟ್ಟು ಇನ್ನೊಂದು ಹಿಡಿದ ಹಾಗಲ್ವಾ?

ಕುಡಿತದ ಆಸೆ ತಗ್ಗಿಸುವ ನಾಲ್ಟ್ರೆಕ್ಸೋನ್, ಅಕಾಂಪ್ರೊಸೇಟ್‌ಗಳಿಂದ ಅಮಲು ಬರುವುದಿಲ್ಲ, ಚಟವೂ ಆಗುವುದಿಲ್ಲ. ನಿಕೋಟಿನ್ ಗಮ್‌ನಲ್ಲಿ ನಿಕೋಟಿನ್ ಇದೆ, ಹೊಗೆಯೂ ಟಾರೂ ಇಲ್ಲ. ಅದನ್ನು ಕೆಲವು ತಿಂಗಳಲ್ಲಿ ಇಳಿಸುತ್ತಾರೆ. ಹೆರಾಯಿನ್ ಥರದ ಚಟಕ್ಕೆ ಕೊಡುವ ಬುಪ್ರೆನಾರ್ಫಿನ್ ಮೈಗೆ ಒಗ್ಗುವುದು ನಿಜ. ಆದರೂ ಅದನ್ನು ಪಡೆಯುವವನು ಕೆಲಸಕ್ಕೆ ಹೋಗುತ್ತಾನೆ, ಮನೆಗೆ ಬರುತ್ತಾನೆ, ಬದುಕುತ್ತಾನೆ. ನನಗೆ ಆ ಲೆಕ್ಕ ಸಾಕು.

ಎರಡು ವರ್ಷ ಬಿಟ್ಟಿದ್ರು. ಭಾವನ ಮಗಳ ಮದುವೆಯಲ್ಲಿ ಮತ್ತೆ ಶುರು. ಎಲ್ಲ ನೀರಿನಲ್ಲಿ ಹೋಮ ಆಯ್ತಾ?

ಇಲ್ಲ. ಆ ಎರಡು ವರ್ಷ ಲಿವರ್ ಕಂಡ ವಿಶ್ರಾಂತಿ ಎಲ್ಲಿಗೂ ಹೋಗಿಲ್ಲ. ಬಿಪಿ, ಶುಗರ್ ಕೂಡ ಮತ್ತೆ ಏರುತ್ತವೆ, ಆಗ ನಾವು ಡಾಕ್ಟರ ಹತ್ತಿರ ಹೋಗುತ್ತೇವೆ, ರೋಗಿಯನ್ನು ಬೈಯುವುದಿಲ್ಲ. ಒಂದು ದಿನದ ಜಾರುವಿಕೆ ಮೂರು ತಿಂಗಳು ಆಗುವುದು ಹೆಚ್ಚಾಗಿ ನಾಚಿಕೆಯಿಂದ. "ಹೇಗೂ ಮರ್ಯಾದೆ ಹೋಯಿತು" ಎಂದು ಮುಂದುವರಿಸುತ್ತಾರೆ. ಅದೇ ವಾರ ಡಾಕ್ಟರನ್ನು ಕಾಣಿ. ಮುಂದಿನ ಮದುವೆಗೆ ಊಟದ ಹೊತ್ತಿಗೆ ಹೋಗಿ ಬೇಗ ಬನ್ನಿ, ಹಿಂದಿನ ರಾತ್ರಿಯ ಕೂಟಕ್ಕೆ ಬೇಡ.

ಬಿಟ್ಟು ನಾಲ್ಕು ತಿಂಗಳಾಯ್ತು. ಟೆನ್ಶನ್ ಮೊದಲಿಗಿಂತ ಜಾಸ್ತಿ ಉಂಟು. ಹಾಗಾದ್ರೆ ಬಿಟ್ಟು ಎಂತ ಪ್ರಯೋಜನ?

ಮಿದುಳು ಹಳೆಯ ಮಟ್ಟಕ್ಕೆ ಬರಲು ವಾರಗಳಲ್ಲ, ತಿಂಗಳುಗಳು ಬೇಕು. ಅಲ್ಲಿಯವರೆಗೆ ನಿದ್ದೆ ಹಗುರ, ಸಿಟ್ಟು ಬೇಗ, ಯಾವುದರಲ್ಲೂ ರುಚಿ ಇಲ್ಲ. ಅಷ್ಟೇ ಅಲ್ಲ, ಇಷ್ಟು ದಿನ ಕುಡಿತದ ಹಿಂದೆ ಮುಚ್ಚಿದ್ದ ಸಾಲ, ಮಾತು ಬಿಟ್ಟ ಮಗ, ಪಾಲಾಗದ ಜಾಗ ಎಲ್ಲ ಒಟ್ಟಿಗೆ ಎದುರು ನಿಲ್ಲುತ್ತವೆ. ಬಿಟ್ಟದ್ದು ತಪ್ಪಾಯಿತು ಎಂದು ಅನಿಸುವುದು ಇಲ್ಲೇ.

ಚಟ ಒಂದನ್ನೇ ಹಿಡಿದು ಚಿಕಿತ್ಸೆ ಮಾಡಿದರೆ ಸಾಲದು ಎನ್ನುವುದು ಇದಕ್ಕೆ. ಖಿನ್ನತೆ ಉಂಟಾ ಎಂದು ಬೇರೆಯಾಗಿ ನೋಡಿಸಬೇಕು. ಇದ್ದರೆ ಅದಕ್ಕೂ ಔಷಧ, ಮಾತಿನ ಚಿಕಿತ್ಸೆ ಎರಡೂ ಇದೆ. ಸಾಲವನ್ನು ಕಾಗದದಲ್ಲಿ ಬರೆದು, ಬ್ಯಾಂಕಿಗೆ ಹೋಗಿ ಕಂತು ಬದಲಿಸಲು ಕೇಳುವುದೂ ನನ್ನ ಮಟ್ಟಿಗೆ ಚಿಕಿತ್ಸೆಯೇ. ಸಂಜೆ ಆರರಿಂದ ಎಂಟು, ಅಂದರೆ ಮೊದಲು ಅಂಗಡಿಗೆ ಹೋಗುತ್ತಿದ್ದ ಹೊತ್ತು, ಖಾಲಿ ಇರಬಾರದು. ಒಬ್ಬರು ಯಕ್ಷಗಾನ ತಾಳಮದ್ದಳೆಗೆ ಸೇರಿದರು, ಇನ್ನೊಬ್ಬರು ಮಕ್ಕಳ ವಾಲಿಬಾಲಿಗೆ ಅಂಪೈರ್ ಆದರು. ಸುಮ್ನೆ ಮನೆಯಲ್ಲಿ ಟಿವಿ ಮುಂದೆ ಕೂತವರಿಗೇ ಕಷ್ಟವಾದದ್ದು ಜಾಸ್ತಿ.

ಹಾಳಾದ ಲಿವರ್, ಶ್ವಾಸಕೋಶ ಸರಿ ಆಗ್ತದಾ?

ಲಿವರ್‌ನಲ್ಲಿ ಬರೀ ಕೊಬ್ಬು ಸೇರಿದ್ದರೆ ಬಿಟ್ಟ ಕೆಲವು ವಾರಗಳಲ್ಲೇ ಇಳಿಯಲು ಶುರುವಾಗುತ್ತದೆ. ಸಿರೋಸಿಸ್ ಆಗಿ ಗಟ್ಟಿಯಾದ ಭಾಗ ಹೆಚ್ಚಾಗಿ ಮರಳುವುದಿಲ್ಲ. ಆದರೂ ಬಿಟ್ಟವರು ಬಿಡದವರಿಗಿಂತ ಹೆಚ್ಚು ಬದುಕುತ್ತಾರೆ. ಬೀಡಿ, ಸಿಗರೇಟು ಬಿಟ್ಟ ಒಂದು ವರ್ಷಕ್ಕೆ ಹೃದಯದ ಅಪಾಯ ಸುಮಾರು ಅರ್ಧಕ್ಕೆ ಇಳಿಯುತ್ತದೆ.

"ಸಾಯ್ತೇನೆ" ಅಂತ ಹೇಳ್ತಾ ಇರ್ತಾರೆ. ಹೆದರಿಸಲಿಕ್ಕೆ ಹೇಳುವುದು ಅಂತ ಬಿಡಬಹುದಾ?

ಬಿಡಬೇಡಿ. ಕುಡಿತ ಮತ್ತು ಖಿನ್ನತೆ ಸೇರಿದಾಗ ಮಾತಿನಿಂದ ಕೃತ್ಯಕ್ಕೆ ಬಹಳ ಹೊತ್ತು ಬೇಕಾಗುವುದಿಲ್ಲ. "ಸಾಯುವ ಯೋಚನೆ ಬರ್ತದಾ?" ಎಂದು ನೇರವಾಗಿ ಕೇಳಿ. ಕೇಳಿದ್ದರಿಂದ ಆ ಯೋಚನೆ ಹುಟ್ಟುವುದಿಲ್ಲ, ಹೆಚ್ಚಿನವರಿಗೆ ಹೇಳಿಕೊಂಡು ಹಗುರವಾಗುತ್ತದೆ. ತೋಟಕ್ಕೆ ತಂದ ಕೀಟನಾಶಕ, ಕಳೆನಾಶಕ ಕೊಟ್ಟಿಗೆಯಲ್ಲಿ ಇಡಬೇಡಿ, ಬೀಗದೊಳಗೆ ಇಡಿ ಅಥವಾ ಬೇರೆ ಮನೆಯಲ್ಲಿಡಿ. ಒಬ್ಬರನ್ನೇ ಬಿಟ್ಟು ಹೋಗಬೇಡಿ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ, ಅಪಾಯ ಕಣ್ಣೆದುರಿದ್ದರೆ 112. ಪ್ರಯತ್ನ ಆಗಿಹೋಗಿದ್ದರೆ ಕೇಸಿನ ಹೆದರಿಕೆಯಿಂದ ಆಸ್ಪತ್ರೆಗೆ ತಡ ಮಾಡಬೇಡಿ. 2017ರ ಮಾನಸಿಕ ಆರೋಗ್ಯ ಕಾಯ್ದೆಯ ಪ್ರಕಾರ ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಮಾನಸಿಕ ಒತ್ತಡದಲ್ಲಿದ್ದರು ಎಂದೇ ಭಾವಿಸಬೇಕು, ಸಾಮಾನ್ಯವಾಗಿ ಶಿಕ್ಷೆ ಇಲ್ಲ.

ಅವರು ಬರ್ಲಿಕ್ಕೆ ಒಪ್ಪುವುದೇ ಇಲ್ಲ. ನಾನೊಬ್ಬಳೇ ಹೋಗಿ ಡಾಕ್ಟರನ್ನು ಕಂಡರೆ ಪ್ರಯೋಜನ ಉಂಟಾ?

ಖಂಡಿತ ಉಂಟು. ಹೆಚ್ಚಿನ ಮನೆಗಳಲ್ಲಿ ಮೊದಲು ಹೋಗುವುದು ಹೆಂಡತಿಯೋ ಅಮ್ಮನೋ ಅಕ್ಕನೋ. ಹೋಗುವ ಮೊದಲು ಒಂದು ಚೀಟಿಯಲ್ಲಿ ಬರೆದುಕೊಳ್ಳಿ: ಏನು ಕುಡಿಯುತ್ತಾರೆ, ಎಷ್ಟು, ಬೆಳಿಗ್ಗೆಯೂ ಬೇಕಾ, ಹಿಂದೆ ಬಿಟ್ಟಾಗ ಫಿಟ್ಸ್ ಬಂದಿತ್ತಾ, ಬೇರೆ ಕಾಯಿಲೆ, ತಗೊಳ್ಳುವ ಮಾತ್ರೆ. ಮನೆಯಲ್ಲಿ ಯಾರ ಮಾತು ಅವರು ಸ್ವಲ್ಪವಾದರೂ ಕೇಳುತ್ತಾರೆ ಎಂದೂ ಬರೆಯಿರಿ. ಅವರನ್ನು ಕರೆಯುವಾಗ "ಕುಡಿತ ಬಿಡಿಸಲಿಕ್ಕೆ" ಎನ್ನಬೇಕಾಗಿಲ್ಲ. ನಿದ್ದೆ ಬರುತ್ತಿಲ್ಲ, ಹೊಟ್ಟೆ ಉರಿ ಎಂದು ಅವರೇ ದೂರುತ್ತಾರಲ್ಲ, ಅದನ್ನೇ ತೋರಿಸಲು ಹೋಗುವ ಎನ್ನಿ. ಆ ಚೀಟಿ ಮೊದಲೇ ಡಾಕ್ಟರ ಕೈಯಲ್ಲಿದ್ದರೆ ಉಳಿದದ್ದನ್ನು ಅವರು ಕೇಳಿಕೊಳ್ಳುತ್ತಾರೆ. ಬೆಳಗ್ಗಿನ ಹೊತ್ತು ಹೋಗಿ, ಅಮಲು ಇಳಿದಿರುತ್ತದೆ.